ಸಾರಾಯಿ ಅಂಗಡಿಗಳ ಕಟ್ಟಡಗಳು

2007ರ ಜುಲೈ 1ರಿಂದ ಕರ್ನಾಟಕ ರಾಜ್ಯದಲ್ಲಿ ಸಾರಾಯಿಯು ನಿಷಿದ್ಧವಾದಾಗ, ಹರಾಜಿನ ಗುತ್ತಿಗೆಯ ಮೂಲಕ ಸರಕಾರದ ಬೊಕ್ಕಸವನ್ನು ದಶಕಗಳ ಕಾಲ ತುಂಬಿಸಿದ್ದ ಅಂಗಡಿಗಳು ಬಾಗಿಲು ಮುಚ್ಚಿದುವು. ಕೂಲಿಯ ಹಣವು ಮನೆ ಸೇರುವ ಮೊದಲೇ ಅಲ್ಲಿ ಕರಗುತ್ತಿದ್ದುದನ್ನು ಕಂಡು, ಸಹಿಸಲಾರದೆ ಬೀದಿಗಿಳಿದ ಸ್ತ್ರೀಯರ ಸಂಕಟವನ್ನು ನೆನೆದರೆ, ಆ ನಿಷೇಧವು ನ್ಯಾಯವಾದುದೆಂದೇ ನಮ್ಮ ದೃಢವಾದ ಅಭಿಪ್ರಾಯ. ಆದರೂ ಶ್ರೀಮಂಗಲ, ಕುಟ್ಟಗಳಂತಹ ದಕ್ಷಿಣ ಕೊಡಗಿನ ಕಾಫಿಯ ಸೀಮೆಯಲ್ಲಿ, ತೋಟದ ಲೈನುಮನೆಗಳಿಂದ ಇಳಿದು ಬಂದ ನಾನಾ ಭಾಷೆಯ ಕೂಲಿಕಾರರು ದಣಿವಾರಿಸಿಕೊಂಡು, ಊರಿನ ಸುದ್ದಿಯನ್ನೂ ಮುಂದಿನ ವಾರದ ಕೆಲಸದ ಸುಳಿವನ್ನೂ ಪರಸ್ಪರ ಹಂಚಿಕೊಳ್ಳುತ್ತಿದ್ದ ಸ್ಥಳಗಳೂ ಅವೇ ಆಗಿದ್ದುವೆಂಬುದು ಮರೆಯತಕ್ಕ ಸಂಗತಿಯಲ್ಲ.

ಬ್ರಹ್ಮಗಿರಿಯ ಮಗ್ಗುಲಿನ ಈ ನಾಡಿನಲ್ಲಿ, ಒಲೆಯ ಹೊಗೆ ಕಾಣದ ಹೆಂಚಿನ ಮಾಡು ಕಕ್ಕಡ ಮಾಸದ ಮಳೆಯನ್ನು ಬಹುಕಾಲ ತಾಳಲಾರದು. ಮುಚ್ಚಿದ ಆ ಸಾರಾಯಿ ಅಂಗಡಿಗಳ ಪೈಕಿ ದಿನಸಿಯಂಗಡಿಯಾಗಿಯೋ ಗೊಬ್ಬರದ ದಾಸ್ತಾನಾಗಿಯೋ ಮಾರ್ಪಟ್ಟ ಕಟ್ಟಡಗಳು ಉಳಿದಾವು, ಮಿಕ್ಕವು ಮಣ್ಣಾದಾವು. ಆದುದರಿಂದ ಗ್ರಾಮ ಪಂಚಾಯಿತಿಗಳು ತಮ್ಮ ಎಲ್ಲೆಯೊಳಗಿನ ಇಂತಹ ಕಟ್ಟಡಗಳ ಸ್ಥಾನವನ್ನು ಗುರುತಿಸಿ, ಅಲ್ಲಿ ಸೇರುತ್ತಿದ್ದ ವೃದ್ಧರ ಮಾತನ್ನೂ, ಅವುಗಳನ್ನು ಮುಚ್ಚಿಸಬೇಕೆಂದು ಹಂಬಲಿಸಿದ ತಾಯಂದಿರ ಮಾತನ್ನೂ ಮುಂದಿನ ಮಳೆಗಾಲಕ್ಕೆ ಮುನ್ನವೇ ಬರೆಯಿಸಿ ಇಡಬೇಕು.