ಸೈಕಲ್ ಕೊಟ್ಟರೆ ಸಾಲದು, ಕಡ್ಡಿ ಬಿಗಿಸುವವರೂ ಬೇಕು

ಟ್ಯೂಬಿನ ಗಾಳಿ ಹೋದರೆ ಸೈಕಲ್ ಅಲ್ಲೇ ನಿಲ್ಲುತ್ತದೆ, ಪಂಕ್ಚರ್ ಹಾಕಿಸದೆ ಬೇರೆ ದಾರಿಯಿಲ್ಲ. ಗಾಲಿಯ ಕಡ್ಡಿ ಮುರಿದಾಗ ಹಾಗಾಗುವುದಿಲ್ಲ. ‘ಒಂದ್ ಕಡ್ಡಿ ಹೋದ್ರ ಏನಾಗ್ತದ’ ಎಂದು ಸವಾರಿ ಮುಂದುವರಿಯುತ್ತದೆ. ಮುರಿದ ಕಡ್ಡಿಯ ಭಾರ ಅಕ್ಕಪಕ್ಕದವುಗಳ ಮೇಲೆ ಬಿದ್ದು, ಕೆಲವೇ ದಿನಗಳಲ್ಲಿ ಇನ್ನೊಂದು, ಮತ್ತೊಂದು ತುಂಡಾಗುತ್ತವೆ. ಅಷ್ಟರಲ್ಲಿ ರಿಮ್ ಓಲಾಡತೊಡಗಿ ಬ್ರೇಕಿನ ರಬ್ಬರಿಗೆ ಉಜ್ಜುತ್ತಿರುತ್ತದೆ. ‘ಗಾಲಿ ಔಟ್ ಆಗ್ಯದ, ಪೂರಾ ಬಿಚ್ಚಬೇಕು’ ಎನ್ನುತ್ತಾರೆ ಅಂಗಡಿಯವರು. ಒಂದು ಕಪ್ ಚಹಾಕ್ಕಿಂತ ಅಗ್ಗದ ತಂತಿಯೊಂದರಿಂದ ಶುರುವಾದದ್ದು ಕೂಲಿ ಮಾಡುವ ಮನೆಗೆ ಒಂದು ದಿನದ ದುಡಿಮೆಯಷ್ಟು ಖರ್ಚು ತರುತ್ತದೆ. ಆಗ ಸೈಕಲ್ ದನದ ಕೊಟ್ಟಿಗೆಯ ಗೋಡೆಗೆ ಒರಗುತ್ತದೆ.

ಕಲಬುರಗಿ ಜಿಲ್ಲೆ ಅಫಜಲಪುರ ತಾಲ್ಲೂಕಿನ ಭೀಮಾ ದಡದ ಮಣ್ಣೂರ, ಅದರಾಚೆಗೆ ಆಳಂದ, ಜೇವರ್ಗಿ ಸೀಮೆ, ಎಲ್ಲವೂ ಎರೆಮಣ್ಣಿನ ನೆಲ. ಮಳೆಯಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ಈ ಮಣ್ಣಿನ ಮೇಲೆ ಹಾಕಿದ ಡಾಂಬರು ಬಹುಕಾಲ ಸಮತಟ್ಟಾಗಿ ಉಳಿಯುವುದಿಲ್ಲ. ಕಬ್ಬಿನ ಟ್ರ್ಯಾಕ್ಟರುಗಳು ಓಡಾಡಿದ ಮೇಲೆ ಅಂಚುಗಳೂ ಕುಸಿಯುತ್ತವೆ. ಹಳ್ಳಿಯ ಸೈಕಲ್ಲಿನಲ್ಲಿ ಒಬ್ಬರೇ ಕೂರುವುದೂ ಅಪರೂಪ. ಕ್ಯಾರಿಯರ್ ಮೇಲೆ ತಂಗಿಯೋ ಗೆಳತಿಯೋ ಇದ್ದೇ ಇರುತ್ತಾಳೆ, ಬಿಡುವಿನ ದಿನ ಮೇವಿನ ಹೊರೆ. ಹೆಚ್ಚಿನ ಭಾರವೆಲ್ಲ ಹಿಂದಿನ ಗಾಲಿಗೆ. ಹಳೆಯ ಕರಿ ಸೈಕಲ್ಲುಗಳಲ್ಲಿ ಮುಂದಿನ ಗಾಲಿಗೆ 32 ಕಡ್ಡಿ, ಹಿಂದಿನದಕ್ಕೆ 40 ಇರುವುದು ಇದೇ ಲೆಕ್ಕದಲ್ಲಿ.

ಕಡ್ಡಿ ಮುರಿಯುವುದು ಹೊಂಡಕ್ಕೆ ಬಿದ್ದ ಏಟಿಗೆ ಎಂದು ಬಹಳಷ್ಟು ಜನ ನಂಬಿದ್ದಾರೆ. ಸಾಮಾನ್ಯವಾಗಿ ಅದು ದಣಿದು ಮುರಿಯುತ್ತದೆ. ಗಾಲಿಯ ಕಡ್ಡಿಗಳೆಲ್ಲ ಸೇರಿ ರಿಮ್ಮನ್ನು ಒಳಮುಖವಾಗಿ ಜಗ್ಗಿ ಹಿಡಿದಿರುತ್ತವೆ. ನೆಲದ ಕಡೆಗಿರುವ ಕೆಲವು ಕಡ್ಡಿಗಳ ಬಿಗಿ ಕ್ಷಣಕಾಲ ಕಡಿಮೆಯಾಗಿ, ಗಾಲಿ ತಿರುಗಿದೊಡನೆ ಮರಳುತ್ತದೆ. 28 ಇಂಚಿನ ಗಾಲಿ ಒಂದು ಸುತ್ತಿಗೆ ಸುಮಾರು 2.2 ಮೀಟರ್ ಸಾಗುತ್ತದೆ. ಹೋಗಿಬರಲು 10 ಕಿಲೋಮೀಟರ್ ಎಂದರೆ ದಿನಕ್ಕೆ ಸುಮಾರು 4,500 ಸುತ್ತು, ಶಾಲೆಗೆ 200 ದಿನ ಹೋದರೆ ವರ್ಷಕ್ಕೆ 9 ಲಕ್ಷ. ಅಷ್ಟೂ ಸಲ ಪ್ರತಿಯೊಂದು ಕಡ್ಡಿ ಸಡಿಲಾಗಿ ಬಿಗಿಯಾಗುತ್ತದೆ. ಬೇಲಿ ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿದರೆ ಬಾಗಿದಲ್ಲೇ ತುಂಡಾಗುವಂತೆ, ಕಡ್ಡಿಯೂ ಹಬ್ಬಿನ ತೂತಿನಲ್ಲಿ ಬಾಗಿ ಕೂತ ಮೊಣಕೈಯಲ್ಲೇ ಮುರಿಯುತ್ತದೆ. ಬಿಗಿ ಸಾಲದ ಗಾಲಿಯಲ್ಲಿ ಈ ಅಲುಗಾಟ ಇನ್ನೂ ಹೆಚ್ಚು. ಹೀಗಾಗಿ ಚೆನ್ನಾಗಿ ಬಿಗಿದ ಗಾಲಿಯ ಕಡ್ಡಿಗಿಂತ ಸಡಿಲ ಗಾಲಿಯ ಕಡ್ಡಿ ಬೇಗ ಹೋಗುತ್ತದೆ. ಹೊಸ ಗಾಲಿಯ ಕಡ್ಡಿಗಳು ಮೊದಲ ಕೆಲವು ವಾರಗಳಲ್ಲಿ ತಮ್ಮ ಜಾಗದಲ್ಲಿ ಕೂತು ಸ್ವಲ್ಪ ಸಡಿಲವಾಗುತ್ತವೆ. ಅವನ್ನು ಆಗ ಒಮ್ಮೆ ಬಿಗಿಸಿದರೆ ಗಾಲಿಯ ಆಯುಸ್ಸು ಹೆಚ್ಚುತ್ತದೆ.

ಸರ್ಕಾರದ ಸೈಕಲ್ ಯೋಜನೆಯಲ್ಲಿ ತಪ್ಪಿಹೋದದ್ದು ಈ ‘ಒಮ್ಮೆ’ಯೇ. ರಾಜ್ಯದಲ್ಲಿ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡುವುದು 2006-07ರಲ್ಲಿ ಹೆಣ್ಣುಮಕ್ಕಳಿಂದ ಶುರುವಾಗಿ, ಆಮೇಲೆ ಗಂಡುಮಕ್ಕಳಿಗೂ ವಿಸ್ತರಿಸಿತು. ಹೈಸ್ಕೂಲ್ ಪಕ್ಕದ ಊರಿನಲ್ಲಿದ್ದ ಲಕ್ಷಾಂತರ ಮಕ್ಕಳಿಗೆ ಅದರಿಂದ ದಾರಿ ತೆರೆಯಿತು. ಇಷ್ಟು ನೇರವಾಗಿ ಮಕ್ಕಳ ಕೈಗೆ ತಲುಪಿದ ಯೋಜನೆಗಳು ಕಡಿಮೆ. ಕೋವಿಡ್ ಬಂದ ಮೇಲೆ ವಿತರಣೆ ನಿಂತುಹೋದದ್ದು ಹಳ್ಳಿ ಮಕ್ಕಳಿಗಾದ ನಷ್ಟ, ಅದು ಮತ್ತೆ ಶುರುವಾಗಲೇಬೇಕು. ಆದರೆ ಹಳೆಯ ರೀತಿಯಲ್ಲೇ ಬೇಡ. ಟೆಂಡರ್, ಜೋಡಣೆ, ವಿತರಣಾ ಸಮಾರಂಭ, ಅಲ್ಲಿಗೆ ಇಲಾಖೆಯ ಕೆಲಸ ಮುಗಿಯುತ್ತಿತ್ತು. ಕಳಪೆ ಎಂಬ ದೂರು ಹಲವು ವರ್ಷ ಕೇಳಿಬಂತು. ಅದರಲ್ಲಿ ಎಷ್ಟು ಪಾಲು ಕಬ್ಬಿಣದ ದೋಷ, ಎಷ್ಟು ಪಾಲು ತಿಂಗಳ ನಂತರ ಯಾರೂ ಗಾಲಿ ಮುಟ್ಟಿ ನೋಡದ ದೋಷ ಎಂದು ಕೇಳಬೇಕಿತ್ತು.

ಬಿಹಾರ 2006ರಲ್ಲೇ ಒಂಬತ್ತನೇ ತರಗತಿ ಹುಡುಗಿಯರಿಗೆ ಸೈಕಲ್ ಕೊಳ್ಳಲು 2,000 ರೂಪಾಯಿ ಕೊಡತೊಡಗಿತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ನಡೆಸಿದ ಅಧ್ಯಯನದ ಪ್ರಕಾರ, ಅದರಿಂದ ಸರಿಯಾದ ವಯಸ್ಸಿಗೆ ಪ್ರೌಢಶಾಲೆ ಸೇರುವ ಹುಡುಗಿಯರ ಪ್ರಮಾಣ ಶೇ 32ರಷ್ಟು ಏರಿತು. ಹೈಸ್ಕೂಲ್ ಮೂರು ಕಿಲೋಮೀಟರ್ ಅಥವಾ ಅದಕ್ಕಿಂತ ದೂರವಿದ್ದ ಊರುಗಳಲ್ಲೇ ಲಾಭ ಹೆಚ್ಚು. ಸೈಕಲ್ ಓಡಿದರೆ ಹುಡುಗಿ ಶಾಲೆಯಲ್ಲಿ ಉಳಿಯುತ್ತಾಳೆ ಎಂಬುದಕ್ಕೆ ಇನ್ನೇನು ಪುರಾವೆ ಬೇಕು? ಆಫ್ರಿಕಾದ ಜಾಂಬಿಯಾದಲ್ಲಿ ಶಾಲಾ ಹುಡುಗಿಯರಿಗೆ ಸೈಕಲ್ ಕೊಡುವ ‘ವರ್ಲ್ಡ್ ಬೈಸಿಕಲ್ ರಿಲೀಫ್’ ಸಂಸ್ಥೆ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿದೆ. ಅದು ಊರಿನವರಿಗೇ ರಿಪೇರಿ ಕಲಿಸಿ ಮೆಕ್ಯಾನಿಕ್‌ಗಳನ್ನಾಗಿ ಮಾಡುತ್ತದೆ, ಬಿಡಿಭಾಗಗಳೂ ಸಿಗುವಂತೆ ನೋಡಿಕೊಳ್ಳುತ್ತದೆ. ಕಲಬುರಗಿ ಜಿಲ್ಲೆ ಕಲಿಯಬೇಕಾದ್ದು ಅಲ್ಲಿಂದ.

ಕಡ್ಡಿ ರಿಪೇರಿಯ ಕೆಲಸವೇನೂ ದೊಡ್ಡದಲ್ಲ. ದಾರಿಯಲ್ಲಿ ಕಡ್ಡಿ ಮುರಿದರೆ ತುಂಡು ನೇತಾಡಲು ಬಿಡದೆ ಪಕ್ಕದ ಕಡ್ಡಿಗೆ ಸುತ್ತಬೇಕು, ಇಲ್ಲವಾದರೆ ಅದು ಚೈನಿಗೋ ಫ್ರೇಮಿಗೋ ಸಿಕ್ಕಿ ಸವಾರರನ್ನು ಕೆಡವೀತು. ಕ್ಯಾರಿಯರ್ ಮೇಲಿನವರು ಇಳಿಯಬೇಕು. ಮನೆ ಸೇರಿದ ಮೇಲೆ ಸೈಕಲ್ ತಲೆಕೆಳಗು ಮಾಡಿ, ಹಳೆಯದರಷ್ಟೇ ಉದ್ದ, ಅಷ್ಟೇ ದಪ್ಪದ ಕಡ್ಡಿ ಹಾಕಿ, ರಿಮ್ಮಿನ ಹತ್ತಿರ ಸೀಮೆಸುಣ್ಣ ಹಿಡಿದು ಗಾಲಿ ತಿರುಗಿಸಬೇಕು. ಸುಣ್ಣ ತಾಗಿದ ಕಡೆ ರಿಮ್ ಸುಣ್ಣದತ್ತ ಬಾಗಿದೆ. ಎದುರು ಬದಿಯ ಕಡ್ಡಿಯನ್ನು ರಿಮ್ಮಿಗೆ ಹಿಡಿದಿರುವ ನಿಪ್ಪಲ್ಲನ್ನು ಕಾಲು ಸುತ್ತು ಬಿಗಿಸಿ ಮತ್ತೆ ತಿರುಗಿಸಿ ನೋಡಬೇಕು. ಅವಸರಕ್ಕೆ ಒಂದೇ ಸಲ ಎರಡು ಸುತ್ತು ಬಿಗಿದರೆ ಬೆಂಡು ಇನ್ನೊಂದು ಕಡೆ ಏಳುತ್ತದೆ. ಫ್ರೀವೀಲ್ ಕಡೆಯ ಕಡ್ಡಿ ಹೋದಾಗ ಮಾತ್ರ ಫ್ರೀವೀಲ್ ಬಿಚ್ಚುವುದೇ ಸರಿ. ಬಿಚ್ಚುವ ರಗಳೆ ತಪ್ಪಿಸಲು ಹೊಸ ಕಡ್ಡಿಯನ್ನೇ ಬಗ್ಗಿಸಿ ತುರುಕಿದರೆ, ಬಗ್ಗಿದ ಜಾಗದಲ್ಲೇ ಅದು ಬೇಗ ಮುರಿಯುತ್ತದೆ. ಒಂದೇ ಗಾಲಿಯಲ್ಲಿ ನಾಲ್ಕಾರು ಕಡ್ಡಿಗಳು ಒಂದರ ಹಿಂದೆ ಒಂದು ಹೋದರೆ ಉಳಿದವೂ ಅಷ್ಟೇ ದಣಿದಿವೆ ಎಂದರ್ಥ. ಆಗ ಪೂರ್ತಿ ಸೆಟ್ ಬದಲಿಸುವುದೇ ಉಳಿತಾಯ.

ಎಂಟನೇ ತರಗತಿ ಮಕ್ಕಳಿಗೆ ಇದನ್ನು ಒಂದೆರಡು ಪಿರಿಯಡ್‌ನಲ್ಲಿ ಕಲಿಸಬಹುದು. ಕಲಿಸಬೇಕಾದವರು ಊರಿನ ಸೈಕಲ್ ಮೇಸ್ತ್ರಿ. ಮೋಟಾರ್ ಸೈಕಲ್ ಬಂದ ಮೇಲೆ ಅವರ ಅಂಗಡಿಗಳು ಒಂದೊಂದಾಗಿ ಮುಚ್ಚುತ್ತಿವೆ, ಕೆಲಸ ಬಲ್ಲ ಕೈಗಳು ಬೆಂಗಳೂರು, ಪುಣೆಯ ಕಟ್ಟಡ ಕೆಲಸಕ್ಕೆ ಹೋಗುತ್ತಿವೆ. ತಿಂಗಳಿಗೊಂದು ದಿನ ಶಾಲೆಗೆ ಕರೆದು ಗೌರವಧನ ಕೊಟ್ಟರೆ ಮಕ್ಕಳ ಸೈಕಲ್ಲೂ ಮೇಸ್ತ್ರಿಯ ಅಂಗಡಿಯೂ ಉಳಿಯುತ್ತವೆ. ಇದಕ್ಕೆ ಹಣವಿಲ್ಲ ಎನ್ನುವಂತಿಲ್ಲ. ಸಂವಿಧಾನದ 371(ಜೆ) ವಿಧಿಯಿಂದಾಗಿ ಈ ಭಾಗಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿಯೇ ಇದೆ, ಅದರ ಕಚೇರಿ ಇರುವುದೂ ಕಲಬುರಗಿಯಲ್ಲೇ. ಅಫಜಲಪುರ, ಆಳಂದ, ಜೇವರ್ಗಿಯ ಪ್ರತಿ ಹೈಸ್ಕೂಲಿಗೆ ನಿಪ್ಪಲ್ ಕೀ, ಫ್ರೀವೀಲ್ ರಿಮೂವರ್, ಪಂಪು, ಅಳತೆಗೆ ತಕ್ಕ ಕಡ್ಡಿಗಳ ಒಂದು ಕಟ್ಟು ಕೊಡಿಸಲು ಕಟ್ಟಡ ಬೇಕಿಲ್ಲ, ಹೊಸ ಹುದ್ದೆ ಬೇಕಿಲ್ಲ. ಸೈಕಲ್ ಖರೀದಿಯ ಮುಂದಿನ ಟೆಂಡರಿನಲ್ಲಿ ಒಂದು ಷರತ್ತೂ ಸೇರಲಿ: ವಿತರಣೆಯಾದ ಆರು ವಾರದೊಳಗೆ ಪೂರೈಕೆದಾರರು ಪ್ರತಿ ಶಾಲೆಗೂ ಬಂದು ಎಲ್ಲ ಗಾಲಿಗಳ ಕಡ್ಡಿ ಬಿಗಿಸಬೇಕು, ಮುಖ್ಯೋಪಾಧ್ಯಾಯರ ಸಹಿ ಬೀಳುವವರೆಗೆ ಬಿಲ್ಲಿನ ಕೊನೆಯ ಕಂತು ಇಲಾಖೆಯಲ್ಲೇ ಉಳಿಯಬೇಕು.