ಲೆಡ್ಜರ್ ಮುಚ್ಚಿದರೆ ಮೀನು ಉಳಿಯುತ್ತಾ?

ಲೋಣಾವಳ ಅಂದ್ರೆ ನಮ್ಮ ಪುಣೆಯವರಿಗೆ ಚಿಕ್ಕಿ. ಕಾವೇರಿಯ ಗೂನುಬೆನ್ನಿನ ಮಹಶೀರ್ ಮೀನಿಗೆ ಶನಿ ಹೆಗಲೇರಿದ್ದು ಮಾತ್ರ ಅಲ್ಲಿಂದಲೇ! ಅಲ್ಲಿ ಮರಿ ಮಾಡಿಸಿದ ನೀಲಿ ರೆಕ್ಕೆಯ ಮಹಶೀರನ್ನು 1970ರ ದಶಕದಿಂದ ಕಾವೇರಿಗೆ ಬಿಟ್ಟರು. ಬಂದದ್ದು ಹೆಚ್ಚಿತು, ಊರಿನದು ಕುಗ್ಗಿತು. (ನಾವೂ ವಲಸಿಗರೇ, ಯಾರ ಅನ್ನಕ್ಕೂ ಕೈ ಹಾಕಿಲ್ಲ ಸ್ವಾಮಿ!) 2018ರಲ್ಲಿ ಗೂನುಬೆನ್ನಿನದು ತೀವ್ರ ಅಳಿವಿನಂಚಿನ ಪಟ್ಟಿ ಸೇರಿತು.

ಕುಗ್ಗಿದ್ದು ಗೊತ್ತಾಗಿದ್ದು ಹೇಗೆ? ಗಾಲಿಬೋರೆಯಲ್ಲಿ ಹಿಡಿದು, ತೂಗಿ, ವಾಪಸ್ ಬಿಟ್ಟ ಗಾಳಗಾರರು 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕದಿಂದ. ಆಮೇಲೆ ಅಭಯಾರಣ್ಯ ಅಂತ ಗಾಳ ನಿಲ್ಲಿಸಿದರು. ಗಾಳ ಚುಚ್ಚುತ್ತೆ, ನಿಜ. ಆದರೆ ಲೆಡ್ಜರೇ ಮುಚ್ಚಿದ ಮೇಲೆ ಆಡಿಟ್ ಯಾವುದಕ್ಕೆ? ಡೈನಮೈಟ್ ಹಾಕೋನು ಲೆಕ್ಕ ಬರೆದಿಡ್ತಾನಾ? ಹಿಡಿದು ಬಿಡೋರಿಗೆ ಪರವಾನಗಿ ಕೊಡಿ, ಪುಸ್ತಕ ಕಡ್ಡಾಯ ಮಾಡಿ.