ಕೊಸರೂ ಉಚಿತವೂ ಒಂದಲ್ಲ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಸಂತೆಗಳಲ್ಲಿ ತರಕಾರಿ ತೂಗಿ, ಹಣವನ್ನೆಣಿಸಿಕೊಂಡು, ವ್ಯವಹಾರವು ಮುಗಿಯಿತೆಂಬ ಹೊತ್ತಿನಲ್ಲಿ ಮಾರುವಾಕೆ ತಾನಾಗಿ ಚೀಲಕ್ಕೆ ಹಾಕುವ ಒಂದೆರಡು ಎಸಳು ಕರಿಬೇವಿಗೂ, ಮೊಳ ಹಾಕಿದ ಹೂವಿಗೆ ಹೂವಾಡಗಿತ್ತಿ ಸೇರಿಸಿ ಕತ್ತರಿಸುವ ನಾಲ್ಕು ಬೆರಳಿನಷ್ಟು ಮಾಲೆಗೂ ನಮ್ಮವರು ಇಟ್ಟಿರುವ ಹೆಸರು ಕೊಸರು. ತಮಿಳರಲ್ಲಿ ಇದು ಕೊಸುರು, ತೆಲುಗರಲ್ಲಿ ಕೊಸರೇ. ಸೋದರ ಭಾಷೆಗಳು ಮೂರೂ ಪೋಷಿಸಿಕೊಂಡು ಬಂದ ಪದವಿದು. ದೂರದ ನ್ಯೂ ಆರ್ಲಿಯನ್ಸ್ ನಗರದ ವರ್ತಕರೂ ಇಂತಹುದಕ್ಕೆ ಲ್ಯಾನ್ಯಾಪ್ ಎನ್ನುತ್ತಾರೆ; ದಕ್ಷಿಣ ಅಮೆರಿಕದ ಕೆಚುವಾ ಜನರ ‘ಯಾಪ’ ಎಂಬ ಶಬ್ದವು ಸ್ಪ್ಯಾನಿಷರ ನಾಲಗೆಯ ಮೂಲಕ ಅಲ್ಲಿಗೆ ಸೇರಿತು.

‘ಬೈ ಒನ್ ಗೆಟ್ ಒನ್’ ಎಂಬುದರ ಆದ್ಯಕ್ಷರಗಳಿಂದ ಹುಟ್ಟಿದ ‘ಬೋಗೊ’ ಎಂಬ ಹೊಸ ಮಾತನ್ನೂ, ಅಂಗಡಿಯ ಫಲಕದ ಮೇಲಿನ ‘ಒಂದು ಕೊಂಡರೆ ಒಂದು ಉಚಿತ’ವನ್ನೂ ಕೊಸರಿನ ಸಾಲಿನಲ್ಲಿ ಕೂರಿಸುವುದು ನನಗೆ ಸಮ್ಮತವಲ್ಲ. ಕೊಸರು ಬರುವುದು ಅಳತೆಯು ಪೂರ್ಣವಾದ ಮೇಲೆ, ಮಾರುವವರ ಇಚ್ಛೆಯಿಂದ, ಕೊಳ್ಳುವವರ ಮುಖವನ್ನು ನೋಡಿ. ಕಾರ್ಖಾನೆಯ ಎರಡನೆಯ ಪೊಟ್ಟಣವಾದರೋ ಮೊದಲನೆಯದಕ್ಕೆ ಬೆಲೆ ಕಟ್ಟುವಾಗಲೇ ಗಣನೆಗೆ ಬಂದಿರುತ್ತದೆ. ಒಟ್ಟು ಬೆಲೆಯಲ್ಲಿ ಅಡಕವಾದ ವಸ್ತುವನ್ನು ಉಚಿತವೆಂದು ವರ್ಣಿಸತಕ್ಕದ್ದಲ್ಲವೆಂದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿ ಕೇಂದ್ರ ಪ್ರಾಧಿಕಾರವು 2022ರ ಜೂನ್ ತಿಂಗಳಲ್ಲಿ ಹೊರಡಿಸಿದ ಮಾರ್ಗಸೂಚಿಯೇ ವಿಧಿಸಿದೆ.

ಕೊಸರಿಗೆ ಇನ್ನೊಂದು ಮುಖವೂ ಉಂಟು. ಕ್ರಿಯಾಪದವಾದಾಗ ಅದು ಹಿಡಿತದಿಂದ ಬಿಡಿಸಿಕೊಳ್ಳುವ ಒದ್ದಾಟ, ‘ಕೊಸರಾಟ’ವೆಂದರೆ ಜಗ್ಗಾಟ. ಬೆಳಗಿನ ಜಾವದಲ್ಲಿ ಸೊಪ್ಪು ಕೊಯ್ದು, ಬಸ್ಸಿಗೆ ಬಾಡಿಗೆ ತೆತ್ತು ಬಂದ ಹೆಂಗಸಿನೆದುರು ನಾವು ಇನ್ನೊಂದು ಕಂತೆಗಾಗಿ ನಡೆಸುವ ವಾದದಲ್ಲಿ ಈ ಎರಡನೆಯ ಅರ್ಥವೇ ಮೇಲಾಗಿರುತ್ತದೆ. ಕಂಪನಿಯ ಪೊಟ್ಟಣವನ್ನು ತಿರುಗಿಸಿ ನಿವ್ವಳ ತೂಕವನ್ನೂ ಓದದ ನಾವು, ದಿನದ ಲಾಭವೇ ಅಲ್ಪವಾದ ಬಡ ಜೀವದ ಕೈಯಿಂದ ಕೊಸರನ್ನು ಹಕ್ಕಿನಂತೆ ಕೀಳುವುದು ನ್ಯಾಯವೆಂದು ನಾನು ಎಣಿಸಲಾರೆ.

ಸಂತೆಯಲ್ಲಿ ಕೊಸರು ಅವಳ ಮನಸ್ಸಿಗೆ ಬಿಟ್ಟದ್ದಾಗಿರಲಿ. ನಮ್ಮ ನಾಲ್ಕೂ ಊರುಗಳ ಮಳಿಗೆಯವರು ಮಾತ್ರ ‘ಒಂದಕ್ಕೊಂದು ಉಚಿತ’ವೆಂದು ಬರೆದ ಫಲಕದಲ್ಲಿಯೇ, ಒಂದನ್ನಷ್ಟೇ ಬಯಸಿ ಬಂದವನು ಎಷ್ಟು ತೆರಬೇಕೆಂಬುದನ್ನೂ ಅಷ್ಟೇ ದೊಡ್ಡ ಅಕ್ಷರಗಳಲ್ಲಿ ಬರೆಯಿಸಲಿ.